ಹಬ್ಬ ಮುಗಿದ ಮೇಲಿನ ಸೇಬು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಮಾಗಡಿ ರಸ್ತೆಯಲ್ಲಿ ಬಸ್ಸಿನಲ್ಲಿ ಕೂತವರಿಗಿಂತ ನಡೆದು ಹೋಗುವವರೇ ಮುಂದೆ. ಸುಂಕದಕಟ್ಟೆಯಿಂದ ಹೇರೋಹಳ್ಳಿ ದಾಟಿ ಬ್ಯಾಡರಹಳ್ಳಿಯವರೆಗೆ ರಸ್ತೆಯ ಅಂಚೆಲ್ಲ ತಳ್ಳುಗಾಡಿ, ಟೆಂಪೊ, ನೆಲಕ್ಕೆ ಹಾಸಿದ ಟಾರ್ಪಾಲು. ಬಾಳೆಕಂದು, ತಾವರೆ ಮೊಗ್ಗು, ಮಾರುಗಟ್ಟಲೆ ಸೇವಂತಿಗೆ, ಕಟ್ಟುಗಟ್ಟಲೆ ಮಾವಿನ ಸೊಪ್ಪು, ಇವುಗಳ ನಡುವೆ ಒರೆಸಿ ಜೋಡಿಸಿದ ಸೇಬು. ಗಾರ್ಮೆಂಟ್ಸ್ ಬಿಟ್ಟು ಬರುವ ಹೆಂಗಸರು ಊಟದ ಬ್ಯಾಗನ್ನು ತೋಳಿಗೆ ಏರಿಸಿಕೊಂಡು ಒಂದೊಂದೇ ಹಣ್ಣು ತಿರುಗಿಸಿ ನೋಡಿ ಆರಿಸುತ್ತಾರೆ. ಹೋದ ವಾರದ ರೇಟು ನೆನಪಿಸಿದರೆ ಗಾಡಿಯವನು ‘ಹಬ್ಬ ಅಲ್ವಾ ಅಕ್ಕ’ ಎಂದು ಮಾತು ಮುಗಿಸುತ್ತಾನೆ.

ಈ ಸೇಬನ್ನು ತಿನ್ನಲೆಂದು ಯಾರೂ ಕೊಳ್ಳುತ್ತಿಲ್ಲ. ಕಳಶದ ಮುಂದೆ ಐದು ಬಗೆಯ ಹಣ್ಣು ಇಡಬೇಕು, ಅದರಲ್ಲಿ ಕೆಂಪಗೆ ಹೊಳೆಯುವುದೊಂದು ಇರಲಿ ಎಂದು. ಶುಕ್ರವಾರ ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಿಗೆ ಎಲೆ ಅಡಿಕೆ, ಬ್ಲೌಸ್ ಪೀಸಿನ ಜೊತೆ ಕೈಗೊಂದು ಹಣ್ಣು ಬೇಕಲ್ಲ ಎಂದು. ನಾವು ಕೊಟ್ಟಷ್ಟೇ ನಮಗೂ ಬರುತ್ತದೆ. ಹೀಗೆ ಸೇಬು ಕ್ರಾಸಿನಿಂದ ಕ್ರಾಸಿಗೆ, ಮೇಲಿನ ಮನೆಯಿಂದ ಕೆಳಗಿನ ಮನೆಗೆ ಓಡಾಡುತ್ತದೆ. ಮೆತ್ತಿದ ಸ್ಟಿಕ್ಕರಿನ ಗುರುತಿನಿಂದ, ನಾವೇ ಕೊಟ್ಟ ಹಣ್ಣು ಮೂರು ಮನೆ ಸುತ್ತಿ ನಮ್ಮಲ್ಲಿಗೇ ಬಂದಿದೆ ಎಂದು ಗೊತ್ತಾಗುವುದೂ ಉಂಟು. ಭಾನುವಾರದ ಹೊತ್ತಿಗೆ ಎಲ್ಲರ ಮನೆಯಲ್ಲೂ ಸ್ಟೀಲ್ ಬೇಸಿನ್ ತುಂಬ ಸೇಬು. ಕುಂಕುಮ ಹತ್ತಿದ್ದು, ಅಕ್ಷತೆ ಅಂಟಿದ್ದು, ಒಂದು ಕಡೆ ಮೆತ್ತಗಾದದ್ದು. ದೇವರ ಮುಂದೆ ಇಟ್ಟಿದ್ದನ್ನು ಎಸೆಯುವ ಹಾಗಿಲ್ಲ. ಹಸುವಿಗೆ ಕೊಡಬಹುದು. 2007ರಲ್ಲಿ ನಮ್ಮ ಹೇರೋಹಳ್ಳಿ ಬೃಹತ್ ಬೆಂಗಳೂರಿನೊಳಗೆ ಬಂದ ಮೇಲೂ ಇಲ್ಲಿನ ಹಳೆಯ ಓಣಿಗಳಲ್ಲಿ ಹಸು ಕಟ್ಟುವವರು ಇದ್ದಾರೆ. ಆದರೆ ಆ ಭಾನುವಾರ ಹಸುವೂ ಮುಖ ತಿರುಗಿಸುತ್ತದೆ. ಬೆಳಗಿನಿಂದ ಅದಕ್ಕೆ ಎಲ್ಲರೂ ಕೊಟ್ಟಿರುವುದು ಸೇಬೇ.

ನಮ್ಮ ಕೆಳಗಿನ ಮನೆಯ ಸೊಸೆ ಈ ರಾಶಿಗೆ ಕಂಡುಕೊಂಡ ದಾರಿ ಆಪಲ್ ಕ್ರಿಸ್ಪ್.

ಹೆಸರು ಕೇಳಿ ಇದೇನೋ ದೊಡ್ಡ ಹೋಟೆಲಿನ ತಿಂಡಿ ಎಂದುಕೊಳ್ಳಬೇಕಿಲ್ಲ. ಸೇಬಿನ ಹೋಳುಗಳನ್ನು ತಟ್ಟೆಗೆ ಹರಡಿ, ಮೇಲೆ ಓಟ್ಸ್, ಹಿಟ್ಟು, ಬೆಲ್ಲ, ಬೆಣ್ಣೆ ಉದುರುದುರಾಗಿ ಕಲಸಿ ಚೆಲ್ಲಿ, ಓವನ್ನಿನಲ್ಲಿ ಬೇಯಿಸಿದರೆ ಆಯಿತು. ಅಮೆರಿಕದಲ್ಲಿ 1924ರ ಒಂದು ಅಡುಗೆ ಪುಸ್ತಕದಲ್ಲಿ ಈ ಹೆಸರು ಕಾಣುತ್ತದೆ. ಅದಕ್ಕೂ ಮುಂಚೆ ಇದ್ದದ್ದು ಪೈ. ಪೈ ಮಾಡಲು ಹಿಟ್ಟಿನ ಹದ ಗೊತ್ತಿರಬೇಕು, ಲಟ್ಟಿಸಬೇಕು, ಹರಿಯದಂತೆ ಎತ್ತಿ ಹಾಸಬೇಕು. ಕ್ರಿಸ್ಪ್‌ಗೆ ಇದ್ಯಾವುದೂ ಬೇಡ. ಇದರ ಅಣ್ಣನೋ ತಮ್ಮನೋ ಆದ ಕ್ರಂಬಲ್ ಬ್ರಿಟನ್ನಿನಲ್ಲಿ ಮನೆಮಾತಾಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಬೆಣ್ಣೆ ಸಕ್ಕರೆ ಎರಡೂ ರೇಷನ್ನಾಗಿದ್ದಾಗ. ಅಂದರೆ ಇದು ಹುಟ್ಟಿನಿಂದಲೇ ಮಿಕ್ಕಿದ್ದನ್ನು ಉಳಿಸುವ ಮನೆಗಳ ತಿಂಡಿ. ಹೇರೋಹಳ್ಳಿಗೆ ಇದು ಒಗ್ಗಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಒಗ್ಗಲು ಇನ್ನೂ ಒಂದು ಕಾರಣ ಇದೆ. ಶ್ರಾವಣದಲ್ಲಿ ಈ ಬೀದಿಯ ಬಹುಪಾಲು ಅಡುಗೆಮನೆಗಳಿಗೆ ಮೊಟ್ಟೆ ಬರುವುದಿಲ್ಲ. ಕೇಕ್ ಎಂದರೆ ‘ಮೊಟ್ಟೆ ಹಾಕಿದ್ದೀಯಾ?’ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಕ್ರಿಸ್ಪ್‌ನಲ್ಲಿ ಮೊಟ್ಟೆಗೆ ಕೆಲಸವೇ ಇಲ್ಲ.

ರೆಸಿಪಿ ಬಂದದ್ದು ನ್ಯೂಜೆರ್ಸಿಯಲ್ಲಿರುವ ನಾದಿನಿಯಿಂದ, ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜಿನಲ್ಲಿ. ಅಲ್ಲಿ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನಮ್ಮವರು ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ತೋಟಗಳಿಗೆ ಹೋಗಿ ದುಡ್ಡು ಕೊಟ್ಟು ತಾವೇ ಸೇಬು ಕಿತ್ತು ತರುತ್ತಾರೆ. ಆಸೆಗೆ ಕಿತ್ತದ್ದು ಮನೆಗೆ ಬಂದಾಗ ರಾಶಿ. ಅಲ್ಲಿಯೂ ಸಮಸ್ಯೆ ಇದೇ, ಪರಿಹಾರವೂ ಇದೇ. ನಾದಿನಿ ಹೇಳಿದ್ದು ಗ್ರ್ಯಾನಿ ಸ್ಮಿತ್ ಎಂಬ ಹಸಿರು ಹುಳಿ ಸೇಬು, ಬ್ರೌನ್ ಶುಗರ್, ಮೈದಾ, ಮೇಲೆ ಐಸ್‌ಕ್ರೀಮು. ಹಸಿರು ಸೇಬು ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತದೆ, ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ. ‘ಬೇಸಿನ್ ತುಂಬ ಹಣ್ಣಿಟ್ಟುಕೊಂಡು ಇನ್ನೊಂದು ಕೇಜಿ ತರೋದಾ ಅತ್ತೆ?’ ಎಂದು ಸೊಸೆ ಅಲ್ಲೇ ತೀರ್ಮಾನಿಸಿದಳು.

ಬೇಸಿನ್ನಿನಲ್ಲಿದ್ದದ್ದು ಹೆಚ್ಚಾಗಿ ಶಿಮ್ಲಾ ಸೇಬು. ಒಂದನ್ನು ತಲೆಕೆಳಗು ಮಾಡಿದರೆ ಬುಡದಲ್ಲಿ ಐದು ಗುಬುಟು ಎದ್ದಿರುತ್ತವೆ; ಡೆಲಿಷಸ್ ಜಾತಿಯ ಗುರುತು ಅದು. ಅಮೆರಿಕದಿಂದ ಬಂದು ಹಿಮಾಚಲದ ಕೋಟಗಢದಲ್ಲಿ ನೆಲೆ ನಿಂತ ಸ್ಯಾಮ್ಯುಯೆಲ್ ಸ್ಟೋಕ್ಸ್, ಆಮೇಲೆ ಸತ್ಯಾನಂದ ಸ್ಟೋಕ್ಸ್ ಎಂದು ಹೆಸರಾದವರು, 1916ರಲ್ಲಿ ಈ ಗಿಡಗಳನ್ನು ತರಿಸಿ ನೆಟ್ಟರು. ಹಿಮಾಚಲದ ಹಣ್ಣು ಮಾರುಕಟ್ಟೆಗೆ ಇಳಿಯುವುದೂ ನಮ್ಮ ಶ್ರಾವಣ ಶುರುವಾಗುವುದೂ ಹೆಚ್ಚುಕಡಿಮೆ ಒಟ್ಟಿಗೇ. ನೋಡಲು ಚೆಂದ, ಸಿಹಿ, ಆದರೆ ಹುಳಿ ಕಡಿಮೆ. ನಾಲ್ಕು ದಿನ ಹೊರಗಿಟ್ಟರೆ ಒಳಗೆ ಹಿಟ್ಟುಹಿಟ್ಟು. ಬೇಕಿಂಗಿಗೆ ಇದು ಆಗದು ಎಂದು ಪುಸ್ತಕಗಳು ಬರೆಯುತ್ತವೆ. ಬೇಕಿಂಗಿಗೆ ಹೇಳಿ ಮಾಡಿಸಿದ ಹಣ್ಣು ಎಂದು ಅಮೆರಿಕದವರು ಹೊಗಳುವುದು ರೋಮ್ ಬ್ಯೂಟಿಯನ್ನು. ತಮಾಷೆ ಏನೆಂದರೆ ಒಂದಾನೊಂದು ಕಾಲಕ್ಕೆ ಬೆಂಗಳೂರಿನ ಸುತ್ತ ತೋಟಗಳಲ್ಲಿ ಬೆಳೆಯುತ್ತಿದ್ದದ್ದು ಅದೇ ರೋಮ್ ಬ್ಯೂಟಿ. ಆಗ ಮನೆಗಳಲ್ಲಿ ಓವನ್ ಇರಲಿಲ್ಲ. ಓವನ್ ಬಂದಾಗ ತೋಟ ಇರಲಿಲ್ಲ.

ನಮ್ಮಲ್ಲಿ ಬೇಕಿಂಗ್ ಮನೆಯ ಕೆಲಸವಾಗಿರಲೇ ಇಲ್ಲ, ಅದು ಬೀದಿಯ ತುದಿಯದು. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ ಮೊದಲಾಗಿ, ಹಾಸನದ ಕಡೆಯ ಹಳ್ಳಿಗಳಿಂದ ಬಂದವರು ಬೆಂಗಳೂರಿನ ಬಡಾವಣೆಗೊಂದು ಅಯ್ಯಂಗಾರ್ ಬೇಕರಿ ಇಟ್ಟರು. ಖಾರಾ ಬನ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಸಂಜೆ ಐದಕ್ಕೆ ಬಿಸಿಯಾಗಿ ಸಿಗುವಾಗ ಮನೆಯಲ್ಲಿ ಯಾರು ಕಷ್ಟಪಡುತ್ತಾರೆ? ಹಠ ಹಿಡಿದವರು ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಕೊಂಡರು. ಅದೂ ಇಲ್ಲದವರು ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ ವಿಷಲ್ ತೆಗೆದು ಅದರಲ್ಲೇ ಕೇಕ್ ಎಬ್ಬಿಸಿದರು. ಈಗ ಓಟಿಜಿ ಬಂದಿದೆ, ಮದುವೆ ಉಡುಗೊರೆಯಾಗಿಯೋ ದೀಪಾವಳಿ ಆಫರಿನಲ್ಲೋ.

ಈ ಮನೆಯ ಓಟಿಜಿ ಅಡುಗೆಮನೆಯಲ್ಲಿಲ್ಲ, ನಡುಮನೆಯಲ್ಲಿ ವಾಷಿಂಗ್ ಮಷೀನಿನ ಪಕ್ಕದ ಸ್ಟೂಲಿನ ಮೇಲೆ. ಹಳೆಯ ವೈರಿಂಗಿನ ಮನೆಗಳಲ್ಲಿ ಪವರ್ ಪ್ಲಗ್ ಎನ್ನುವ ದಪ್ಪ ಪಿನ್ನಿನ ಪ್ಲಗ್ ಇರುವುದೇ ಒಂದೆರಡು. ಒಂದು ಗೀಸರಿಗೆ ಹೋಗಿದೆ. ಹಾಗಾಗಿ ಬಟ್ಟೆ ಒಗೆಯುವ ಹೊತ್ತಿಗೆ ಬೇಕಿಂಗ್ ಇಲ್ಲ, ಬೇಕಿಂಗ್ ಹೊತ್ತಿಗೆ ಬಟ್ಟೆ ಇಲ್ಲ.

ಅತ್ತೆ ನೆಲದ ಮೇಲೆ ಈಳಿಗೆ ಮಣೆ ಹಾಕಿಕೊಂಡು ಕೂತರು. ಸಿಪ್ಪೆ ತೆಗೆಯುವ ಚಾಕು ಅವರ ಕೈಗೆ ಬಗ್ಗುವುದಿಲ್ಲ. ಹಣ್ಣನ್ನು ನಾಲ್ಕು ಮಾಡಿ, ಬೀಜದ ಗೂಡು ತೆಗೆದು, ಮೆತ್ತಗಾದ ಜಾಗ ಕೆತ್ತಿ, ಬೆರಳು ದಪ್ಪದ ಹೋಳು ಮಾಡಿ ಬೋಗುಣಿಗೆ ಬೀಳಿಸುತ್ತಾರೆ. ಕೊಯ್ದ ಮೈ ನೋಡನೋಡುತ್ತ ಕಂದು ತಿರುಗುತ್ತದೆ. ಸೊಸೆ ಒಂದು ನಿಂಬೆಹಣ್ಣು ಹಿಂಡಿದಳು. ಕಪ್ಪಾಗುವುದು ನಿಲ್ಲಲಿ ಎನ್ನುವುದು ಒಂದು ಲೆಕ್ಕ. ಶಿಮ್ಲಾ ಹಣ್ಣಿಗಿಲ್ಲದ ಹುಳಿ ಬರಲಿ ಎನ್ನುವುದು ಇನ್ನೊಂದು. ಹುಳಿಯಿದ್ದರೆ ಹೋಳು ಬೇಯುವಾಗ ಬೇಗ ಕರಗುವುದೂ ಇಲ್ಲ. ಹೋಳಿನ ಜೀವಕೋಶಗಳನ್ನು ಜೋಡಿಸಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ನಿಧಾನವಾಗಿ ಬಿಡುತ್ತದೆ. ಹಣ್ಣಿಗೆ ಸೇರಿದ್ದು ಎರಡು ಚಮಚ ಬೆಲ್ಲದ ಪುಡಿ, ಕುಟ್ಟಿದ ಚಕ್ಕೆ ಒಂದು ಚಮಚ, ಚಿಟಿಕೆ ಉಪ್ಪು. ಅತ್ತೆ ಕೇಳದೆ ಎರಡು ಏಲಕ್ಕಿ ಜಜ್ಜಿ ಹಾಕಿದರು.

ಮೇಲಿನ ಪದರದ್ದೇ ನಿಜವಾದ ಕೆಲಸ. ಓಟ್ಸ್ ಈ ಮನೆಗೆ ಬಂದದ್ದು ಮಾವನವರ ಷುಗರಿನಿಂದ. ಡಾಕ್ಟರು ಹೇಳಿದರೆಂದು ದೊಡ್ಡ ಪ್ಯಾಕೆಟ್ ತಂದರು, ಗಂಜಿ ಮಾಡಿದರು, ಮಾವ ಎರಡು ದಿನ ತಿಂದು ರಾಗಿ ಮುದ್ದೆಗೆ ಮರಳಿದರು. ಕ್ಲಿಪ್ ಹಾಕಿದ ಪ್ಯಾಕೆಟ್ ಅಂದಿನಿಂದ ಶೆಲ್ಫಿನ ಮೂಲೆ ಹಿಡಿದಿತ್ತು. ಸೇಬಿನ ಹಾಗೆ ಅದೂ ಮಿಕ್ಕಿದ್ದೇ. ಬೇಕಾದದ್ದು ಚಪ್ಪಟೆ ಚಪ್ಪಟೆಯಾದ ಸಾದಾ ಓಟ್ಸ್, ಮಸಾಲಾ ಓಟ್ಸ್ ಅಲ್ಲ. ಒಂದು ಕೇಜಿ ಸೇಬಿಗೆ ನೂರು ಗ್ರಾಂ ಓಟ್ಸ್, ಅರವತ್ತು ಗ್ರಾಂ ಹಿಟ್ಟು, ನೂರು ಗ್ರಾಂ ಬೆಣ್ಣೆ, ಎಂಬತ್ತು ಗ್ರಾಂ ಬೆಲ್ಲದ ಪುಡಿ. ಹಿಟ್ಟಿನಲ್ಲಿ ಅರ್ಧ ಗೋಧಿ, ಅರ್ಧ ರಾಗಿ. ರಾಗಿ ಅತ್ತೆಯ ಹಟ. ಅವರದು ಮಾಗಡಿ ಕಡೆ; ರಾಗಿ ತಗಲದ ತಿಂಡಿಯನ್ನು ಅವರು ತಿಂಡಿ ಎಂದು ಒಪ್ಪುವುದಿಲ್ಲ.

ಬೆಣ್ಣೆ ಉಪ್ಪಿಲ್ಲದ ನಂದಿನಿ, ಫ್ರಿಜ್ಜಿನಿಂದ ಆಗತಾನೆ ತೆಗೆದದ್ದು. ಸೊಸೆ ಅದನ್ನು ಸಣ್ಣ ಚೂರು ಮಾಡಿ ಹಿಟ್ಟಿಗೆ ಹಾಕಿ ಬೆರಳ ತುದಿಯಲ್ಲಿ ಮಾತ್ರ ತಿಕ್ಕುತ್ತಾಳೆ. ಅಂಗೈ ತಗಲಬಾರದು, ಅಂಗೈ ಬಿಸಿಗೆ ಬೆಣ್ಣೆ ಕರಗಿತೆಂದರೆ ಎಲ್ಲ ಸೇರಿ ಮುದ್ದೆ. ತಣ್ಣಗಿನ ಬೆಣ್ಣೆ ಹಿಟ್ಟನ್ನು ಸುತ್ತಿಕೊಂಡು ಕಾಳುಕಾಳಾಗಿ ಉಳಿದರೆ ಓವನ್ನಿನಲ್ಲಿ ಆ ಕಾಳಿನ ನಡುವೆ ಸಂದು ಉಳಿಯುತ್ತದೆ, ಗರಿಗರಿ ಬರುವುದು ಅಲ್ಲಿಂದ. ಏಪ್ರಿಲ್ ಸೆಕೆಯಲ್ಲಿ ಇದು ಪರದಾಟ. ಶ್ರಾವಣದ ಜಿಟಿಜಿಟಿ ಮಳೆಗೆ ತಣ್ಣಗಾದ ಅಡುಗೆಮನೆಯಲ್ಲಿ ಬೆಣ್ಣೆ ಹೇಳಿದ ಮಾತು ಕೇಳುತ್ತದೆ. ಅತ್ತೆ ಬೋಗುಣಿಯೊಳಗೆ ಬಗ್ಗಿ ನೋಡಿದರು.

‘ಏನಮ್ಮಾ ಇದು, ಹುರಿಹಿಟ್ಟು ಕಲಸಕ್ಕೆ ಹೋಗಿ ಅರ್ಧಕ್ಕೇ ಬಿಟ್ಟಂಗಿದೆ?’

‘ಹಂಗೇ ಇರ್ಬೇಕು ಅತ್ತೆ. ಕಲಸ್ಬೇಡಿ, ಕೈ ತೆಗೀರಿ.’

ತಟ್ಟೆಗೆ ಬೆಣ್ಣೆ ಸವರಿ, ಹೋಳು ಹರಡಿ, ಮೇಲೆ ಈ ಉದುರನ್ನು ಚೆಲ್ಲಿದ್ದಾಯಿತು. ಒತ್ತುವ ಹಾಗಿಲ್ಲ. ಓಟಿಜಿ 180 ಡಿಗ್ರಿಗೆ ಕಾದಿತ್ತು. ತಟ್ಟೆ ಒಳಗೆ ಹೋಯಿತು, ಗುಂಡಿ ನಲವತ್ತು ನಿಮಿಷಕ್ಕೆ ತಿರುಗಿತು.

ಮೊದಲ ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಚಕ್ಕೆಯ ವಾಸನೆ ಬಂತು, ಅದರ ಹಿಂದೆ ಬೆಣ್ಣೆ ಕಾಯುವ ವಾಸನೆ, ಕೊನೆಗೆ ರಾಗಿ ಹುರಿಯುವ ಘಮ. ಮೊಮ್ಮಗಳು ಗಾಜಿಗೆ ಮೂಗು ಒತ್ತಿ ಕೂತಿದ್ದಳು. ಅಂಚಿನಲ್ಲಿ ಕೆಂಪು ರಸ ಕುದಿದು ಗುಳ್ಳೆ ಎದ್ದು, ಮೇಲಿನ ಪದರದ ಸಂದಿನಲ್ಲಿ ಉಕ್ಕಿ, ಅಲ್ಲೇ ಗಟ್ಟಿಯಾಗುತ್ತ ಬಂತು. ಬೆಲ್ಲ ಸಕ್ಕರೆಗಿಂತ ಬೇಗ ಕಂದಾಗುತ್ತದೆ. ಅರ್ಧ ಗಂಟೆಗೆ ಮೇಲ್ಮೈ ಕಪ್ಪಿನ ಕಡೆ ವಾಲಿದ್ದನ್ನು ನೋಡಿ ಸೊಸೆ ಮೇಲಿನ ಕಾಯಿಲ್ ಆರಿಸಿ ಕೆಳಗಿನದನ್ನು ಮಾತ್ರ ಬಿಟ್ಟಳು. ನಾದಿನಿಯ ಮೆಸೇಜಿನಲ್ಲಿ ಇದು ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಅಲ್ಲಿ ಬೆಲ್ಲ ಯಾರು ಹಾಕುತ್ತಾರೆ?

ಮಾವ ಇದರ ನಡುವೆ ಕನ್ನಡಕ ಹಾಕಿಕೊಂಡು ಓವನ್ನಿನ ಹಿಂಬದಿಯ ಚೀಟಿ ಓದುತ್ತಿದ್ದರು. ‘ಸಾವಿರದೈನೂರು ವ್ಯಾಟು. ಗಂಟೆಗೆ ಒಂದೂವರೆ ಯೂನಿಟ್.’ ಗೃಹಜ್ಯೋತಿಯ ಮಿತಿ ದಾಟಿದರೆ ಬಿಲ್ಲು ಬರುತ್ತದೆ ಎಂಬುದು ಅವರ ತಿಂಗಳಿಡೀ ಲೆಕ್ಕ. ಬಿಸಿ ಸೇರಿದ ಮೇಲೆ ಓವನ್ ತಾನೇ ಆಗಾಗ ಆರುತ್ತದೆ, ಒಂದು ಯೂನಿಟ್ ಆದರೆ ಹೆಚ್ಚು ಎಂದು ಸೊಸೆ ಹೇಳಿದಳು. ಮಾವ ಒಪ್ಪಲಿಲ್ಲ, ಆದರೆ ತಟ್ಟೆ ಹೊರಗೆ ಬಂದಾಗ ಎಲ್ಲರಿಗಿಂತ ಮೊದಲು ಕೂತವರು ಅವರೇ.

ಬಿಸಿಯಲ್ಲೇ ಬಾಯಿಗೆ ಹಾಕಿದರೆ ನಾಲಗೆ ಸುಡುವುದು ಖಚಿತ. ಒಳಗಿನ ರಸ ಪಾಕದಷ್ಟೇ ಕಾದಿರುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ರಸ ಗಟ್ಟಿಯಾಗುತ್ತದೆ, ಮೇಲಿನದು ಇನ್ನಷ್ಟು ಗರಿಯಾಗುತ್ತದೆ. ಸೊಸೆ ಐಸ್‌ಕ್ರೀಮು ತಂದಿದ್ದಳು. ನನ್ನ ಅಭಿಪ್ರಾಯದಲ್ಲಿ ಐಸ್‌ಕ್ರೀಮು ಇದನ್ನು ಕೆಡಿಸುತ್ತದೆ. ಅಷ್ಟು ಜತನದಿಂದ ಉಳಿಸಿದ ಗರಿಯನ್ನು ಕ್ಷಣದಲ್ಲಿ ತೋಯಿಸಿಬಿಡುತ್ತದೆ. ಅತ್ತೆ ಹಾಲಿನ ಪಾತ್ರೆಯ ಕೆನೆ ಒಂದು ಚಮಚ ಹಾಕಿಕೊಂಡರು, ಅದು ಸರಿ ಹೊಂದಿತು. ಚಮಚ ಇಳಿಸಿದರೆ ಮೊದಲು ಕರಕ್ ಎನ್ನುತ್ತದೆ, ಆಮೇಲೆ ರಾಗಿಯ ಸಣ್ಣ ಕಹಿ, ಬೆಲ್ಲ, ಅಡಿಯಲ್ಲಿ ನಿಂಬೆ ಹುಳಿಯ ಮೆತ್ತನೆ ಸೇಬು. ಹೋಳುಗಳಲ್ಲಿ ಕೆಲವು ಕರಗಿ ಗೊಜ್ಜಾಗಿದ್ದವು, ಕೆಲವು ನಿಂತಿದ್ದವು. ಒಂದೇ ಜಾತಿಯ ಒಳ್ಳೆಯ ಹಣ್ಣು ಕೊಂಡು ತಂದು ಮಾಡಿದ್ದರೆ ಎಲ್ಲ ಒಂದೇ ಸಮ ಬೆಂದಿರುತ್ತಿತ್ತು. ನನಗೆ ಈ ಏರುಪೇರೇ ಇಷ್ಟ.

ಮಾವ ಮೂಲೆಯಲ್ಲಿ ಅಂಟಿದ ಕರಿದಾದ ಭಾಗವನ್ನು ಚಮಚದಲ್ಲಿ ಕೆರೆಯುತ್ತಿದ್ದರು.

‘ಸಾಕು ರೀ, ಷುಗರು’ ಎಂದರು ಅತ್ತೆ.

‘ಓಟ್ಸ್ ಕಣೆ. ಡಾಕ್ಟ್ರೇ ಹೇಳಿರೋದು.’

ಗೌರಿ ಗಣೇಶ ಹತ್ತಿರದಲ್ಲೇ ಇತ್ತು. ಕೆರೆಯ ಕಡೆಗೆ ತಮಟೆ ಸದ್ದಿನೊಂದಿಗೆ ಗಣೇಶನ ಮೂರ್ತಿಗಳು ಸಾಗುವ ಹೊತ್ತಿಗೆ ಮನೆಮನೆಯಲ್ಲಿ ಮತ್ತೊಂದು ಸುತ್ತು ಹಣ್ಣು ಸೇರುತ್ತದೆ. ಆದರೆ ಅಷ್ಟು ದಿನ ಕಾಯುವ ತಾಳ್ಮೆ ಕ್ರಾಸಿಗೆ ಇರಲಿಲ್ಲ. ವಾಸನೆ ಕಿಟಕಿಯಿಂದ ಹೊರಗೆ ಹೋಗಿ ಒಂದು ಗಂಟೆಯೂ ಆಗಿರಲಿಲ್ಲ, ಎದುರುಮನೆಯ ಹುಡುಗ ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ಹನ್ನೆರಡು ಸೇಬು ತುಂಬಿಕೊಂಡು ಗೇಟಿನ ಹತ್ತಿರ ನಿಂತ.

‘ಆಂಟೀ, ಅಮ್ಮ ಕೊಟ್ಟು ಬಾ ಅಂದ್ರು. ಮಾಡಿದ್ಮೇಲೆ ಅರ್ಧ ನಮಗೆ ಕೊಡ್ಬೇಕಂತೆ.’

ಸೊಸೆ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮಾವನ ಧ್ವನಿ ಬಂತು: ‘ಅರ್ಧ ಆಗಲ್ಲ ಕಣೋ. ಕಾಲು ಭಾಗ. ಬೆಣ್ಣೆ ನಮ್ಮದು, ಕರೆಂಟೂ ನಮ್ಮದು.’

ಹುಡುಗ ಕೇಳಿಕೊಂಡು ಬರುತ್ತೇನೆಂದು ಓಡಿದ. ಕವರನ್ನು ಮಾತ್ರ ಗೇಟಿಗೆ ಸಿಕ್ಕಿಸಿಯೇ ಹೋದ.