ಅಸೈನ್‌ಮೆಂಟ್ ಕಟ್ಟು, ಮಸ್ಕಿ ಬಸ್ಸು

ಬೆಳಗಿನ ಎಂಟರ ಹೊತ್ತಿಗೆ ಸಿಂಧನೂರು ಬಸ್ ನಿಲ್ದಾಣದ ಸುತ್ತ ಬಾಣಲೆಯಿಂದ ಆಗಷ್ಟೇ ಎದ್ದ ಮಿರ್ಚಿಯ ಘಾಟು ಹರಡಿರುತ್ತದೆ. ಪೇಪರ್ ತಟ್ಟೆಯಲ್ಲಿ ಮಂಡಕ್ಕಿ ವಗ್ಗರಣಿ, ಅದರ ಮೇಲೆ ಎರಡು ಮಿರ್ಚಿ, ಆಮೇಲೆ ಅರ್ಧ ಕಪ್ ಚಹಾ. ಇಷ್ಟು ಮುಗಿಸಿ ಲಿಂಗಸುಗೂರು ಬಸ್ಸು ಹತ್ತಿದರೆ ನನ್ನ ದಿನ ಶುರು. ನಾನು ಪದವಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ವಾರದ ಕೆಲವು ದಿನ ಮಸ್ಕಿ, ಉಳಿದ ದಿನ ಲಿಂಗಸುಗೂರು, ಮನೆ ಸಿಂಧನೂರಿನಲ್ಲಿ. ಮೂರೂ ಊರು ಒಂದೇ ರಸ್ತೆಯ ಮೇಲಿರುವುದು ನನ್ನ ಪುಣ್ಯ.

ಬಸ್ಸು ತುಂಬಿ ತುಳುಕುತ್ತಿರುತ್ತದೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಮೇಲಂತೂ ಕಾಲೇಜಿಗೆ ಹೊರಟ ಹೆಣ್ಣುಮಕ್ಕಳೇ ಅರ್ಧ ಬಸ್ಸು. ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಹಿಂದಿನ ಸೀಟಿನಿಂದಲೇ ಕೂಗುತ್ತಾರೆ: “ಮೇಡಂ, ಇಲ್ಲಿ ಬರ್ರಿ, ಜಾಗ ಐತ್ರಿ!” ಮೂವರ ಸೀಟಿನಲ್ಲಿ ನಾಲ್ವರು ಕೂತಿರುತ್ತಾರೆ, ಐದನೆಯವಳಾಗಿ ನಾನೂ ಒತ್ತರಿಸಿ ಕೂರುತ್ತೇನೆ. ಟಿಕೆಟ್ ದುಡ್ಡಿಲ್ಲವೆಂದು ಪಿಯುಸಿಗೇ ಓದು ನಿಲ್ಲಿಸಬೇಕಿದ್ದ ಹುಡುಗಿಯರು ಈ ಬಸ್ಸಿನಲ್ಲಿದ್ದಾರೆ. ಯೋಜನೆಯ ಲಾಭ-ನಷ್ಟದ ಮಾತು ಟಿವಿಯಲ್ಲಿ ಬಂದಾಗಲೆಲ್ಲ ನನಗೆ ನೆನಪಾಗುವುದು ಇವರ ಮುಖ.

ಕಿಟಕಿಯಾಚೆ ನೋಡುವಂಥದ್ದು ಬಹಳ ಇದೆ. ಸಿಂಧನೂರು ದಾಟಿದೊಡನೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು. ನಾಟಿಯ ದಿನಗಳಲ್ಲಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಣ್ಣುಮಕ್ಕಳು ಮೊಣಕಾಲುದ್ದ ಕೆಸರಿನಲ್ಲಿ ಸಾಲುಗಟ್ಟಿ ಬಗ್ಗಿರುತ್ತಾರೆ. ಮುಂದೆ ಹೋದಂತೆ ನೀರಾವರಿ ತೆಳುವಾಗುತ್ತದೆ, ಎರೆಹೊಲ ಕಾಣಿಸಿಕೊಳ್ಳುತ್ತದೆ. ಮಸ್ಕಿ ಹತ್ತಿರವಾದಂತೆ ಬಂಡೆಗುಡ್ಡಗಳು, ಮಲ್ಲಿಕಾರ್ಜುನನ ಬೆಟ್ಟ. ಅಲ್ಲಿಂದ ಲಿಂಗಸುಗೂರಿನ ಕಡೆ ತೊಗರಿ, ಸಜ್ಜೆ, ಜೋಳದ ಮಳೆಯಾಶ್ರಿತ ಸೀಮೆ. ಒಂದೇ ಜಿಲ್ಲೆಯೊಳಗಿನ ಈ ಎರಡು ಬದುಕುಗಳು ನನ್ನ ತರಗತಿಯ ಬೆಂಚುಗಳ ಮೇಲೆ ಪಕ್ಕಪಕ್ಕದಲ್ಲೇ ಕೂತಿರುತ್ತವೆ.

ಭಾಷಾ ತರಗತಿಯೆಂದರೆ ಗದ್ದಲ. ಬಿ.ಎ., ಬಿ.ಕಾಂ. ಎಲ್ಲರೂ ಸೇರಿದಾಗ ಕೊಠಡಿ ಕಿಕ್ಕಿರಿದಿರುತ್ತದೆ. ಪಠ್ಯದಲ್ಲಿ ಕವಿತೆ, ಕಥೆ, ವಚನ ಇವೆ. ಅವುಗಳ ಜೊತೆ ನಾನು ಒತ್ತುಕೊಟ್ಟು ಕಲಿಸುವುದು ಬರೆಯುವುದನ್ನು: ಅರ್ಜಿ, ಪತ್ರ, ವರದಿ, ಪ್ರಬಂಧ. ಹೈಸ್ಕೂಲಿನಿಂದ ಮಕ್ಕಳು ಒಂದು ಅಚ್ಚು ಹೊತ್ತು ತಂದಿರುತ್ತಾರೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ‘ನಮ್ಮ ಊರಿನ ಜಾತ್ರೆ’ ಎಂದು ಕೊಟ್ಟರೆ ಭಾರತವು ಹಬ್ಬಗಳ ನಾಡು ಎಂದು ಶುರುಮಾಡಿ, ಸಂಸ್ಕೃತಿಯನ್ನು ಉಳಿಸಿ ಬೆಳೆಸೋಣ ಎಂದು ಮುಗಿಸುತ್ತಾರೆ. ನಡುವೆ ಅವರ ಊರೇ ಇರುವುದಿಲ್ಲ. ಗೈಡಿನ ಸಾಲುಗಳನ್ನು ಅವರು ಕಳ್ಳತನಕ್ಕಾಗಿ ಬರೆಯುವುದಲ್ಲ. ತಮ್ಮ ಬದುಕು ಬರೆಯಲು ಯೋಗ್ಯ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಅದನ್ನು ಹೇಳುವುದೇ ನನ್ನ ಕೆಲಸವೆಂದು ನಾನು ನಂಬಿದ್ದೇನೆ. ಉಳಿದದ್ದು, ಅಲ್ಪಪ್ರಾಣ-ಮಹಾಪ್ರಾಣ, ಒತ್ತಕ್ಷರ, ಪೂರ್ಣವಿರಾಮ ಎಲ್ಲವೂ ತಿದ್ದಿದರೆ ಬರುತ್ತದೆ.

ತಮ್ಮ ಊರೂ ಬರೆಯಲು ಯೋಗ್ಯ ಎಂದು ಮಕ್ಕಳಿಗೆ ತೋರಿಸಲು ಮಸ್ಕಿಯಂಥ ಊರು ಬೇರೊಂದಿಲ್ಲ. ಊರ ಪಕ್ಕದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಅದನ್ನು ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಈ ಬಂಡೆಯ ಮೇಲೆ. ದೇಶದ ಇತಿಹಾಸದ ದೊಡ್ಡ ಗಂಟೊಂದು ಬಿಚ್ಚಿದ್ದು ನಮ್ಮ ಮಸ್ಕಿಯಲ್ಲಿ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ, ಊರಿನ ಹುಡುಗರು “ಸಣ್ಣೋರಿದ್ದಾಗಿಂದ ನೋಡೀವ್ರಿ ಮೇಡಂ” ಎಂದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರೆ ಮಾತ್ರ ಗೆರೆಗಳು ತಿಳಿಯುತ್ತವೆ. ಕೆಲವೇ ಸಾಲಿನ ಬರಹ. ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ನಡೆಯುವ ಸಾಮಾನ್ಯನಿಗೂ ಉನ್ನತಿ ಸಾಧ್ಯ, ಇದನ್ನು ಎಲ್ಲರಿಗೂ ತಿಳಿಸಬೇಕು ಎಂಬುದು ಅದರ ಸಾರ. ಅಷ್ಟು ಹೇಳಿ, ಈ ಕಲ್ಲಿನಷ್ಟೇ ಜಾಗ ನಿಮಗೆ ಕೊಟ್ಟರೆ ಏನು ಕೆತ್ತಿಸುತ್ತೀರಿ ಎಂದು ಕೇಳಿದೆ. ಬಿಸಿಲಲ್ಲೇ ನಿಂತು, ಒಬ್ಬರ ಬೆನ್ನಿಗೆ ಇನ್ನೊಬ್ಬರು ಪಟ್ಟಿ ಆನಿಸಿ ಬರೆದರು. ಹಳ್ಳಿಯ ಹುಡುಗಿಯೊಬ್ಬಳು ಬರೆದದ್ದು ಹೀಗಿತ್ತು: ‘ನಮ್ಮೂರಿಗೆ ಬರುವ ಸಂಜೆ ಬಸ್ಸನ್ನು ಯಾವ ಅಧಿಕಾರಿಯೂ ನಿಲ್ಲಿಸಬಾರದು. ಅದು ನಿಂತರೆ ನಾನು ಓದುವುದು ನಿಲ್ಲುತ್ತದೆ.’ ಪೀಠಿಕೆಯಿಲ್ಲ, ಉಪಸಂಹಾರವಿಲ್ಲ. ಆ ಹಾಳೆ ನನ್ನ ಬೀರುವಿನಲ್ಲಿದೆ.

ಲಿಂಗಸುಗೂರಿನ ತರಗತಿಗೆ ನನಗೆ ಇನ್ನೊಬ್ಬಳು ಗುರು ಸಿಕ್ಕಿದ್ದಾಳೆ: ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಗುರುಗುಂಟದ ಬಳಿಯ ಅಮರೇಶ್ವರ ಈ ತಾಲ್ಲೂಕಿನದೇ. 12ನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಅಲ್ಲಿಂದ ಕಲ್ಯಾಣಕ್ಕೆ ಹೋದರು. ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ಹೆಚ್ಚಾದುದನ್ನು ಆಯ್ದಲ್ಲಿಯೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಈ ಕಥೆ ಇಲ್ಲಿಯ ಮಕ್ಕಳಿಗೆಲ್ಲ ಗೊತ್ತು. ವಾಕ್ಯಕ್ಕೂ ಇದೇ ಲೆಕ್ಕ ಎನ್ನುತ್ತೇನೆ: ಇವತ್ತಿನ ಅಡುಗೆಗೆ ಬೇಕಾದಷ್ಟೇ ಅಕ್ಕಿ, ಹೇಳುವುದಕ್ಕೆ ಬೇಕಾದಷ್ಟೇ ಮಾತು. ಅಂದಿನಿಂದ ಯಾರಾದರೂ ಉದ್ದುದ್ದ ಓದಿದರೆ ಹಿಂದಿನ ಬೆಂಚಿನಿಂದ “ಸುರಿದು ಬಾರೋ” ಎಂಬ ಕೂಗು ಬರುತ್ತದೆ. ಓದುತ್ತಿದ್ದವನೂ ನಗುತ್ತಾ ಪೆನ್ನು ತೆಗೆದು ಎರಡು ಸಾಲು ಹೊಡೆದುಹಾಕುತ್ತಾನೆ. ತಿದ್ದುವುದನ್ನು ಇಷ್ಟು ಖುಷಿಯಿಂದ ಕಲಿತ ತರಗತಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಧ್ಯಾಹ್ನದ ಸ್ಟಾಫ್ ರೂಮಿನ ಸುಖ ಸಣ್ಣದಾದರೂ ಗಟ್ಟಿ. ಡಬ್ಬಿಗಳನ್ನು ಬಿಚ್ಚಿದರೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎಳ್ಳಮಾವಾಸ್ಯೆಯ ಮರುದಿನವಾದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮೇಜಿನ ತುಂಬ. ಊಟ ಮುಗಿದ ಮೇಲೆ ಆಂತರಿಕ ಅಂಕಗಳನ್ನು ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ಗೆ ಏರಿಸುವ ಕೆಲಸ. ನೆಟ್ ಸುತ್ತುತ್ತಲೇ ಇರುತ್ತದೆ, ನಾವು ಹೊರಗಿನ ಬೇವಿನ ಮರ ನೋಡುತ್ತ ಕೂರುತ್ತೇವೆ.

ನಿಜವಾದ ದಿನ ರಾತ್ರಿಗೆ. ಮನೆಯ ಕೆಲಸ ಮುಗಿಸಿ, ಬಿಸಿಲಿಗೆ ಕಾದ ಮಾಳಿಗೆ ತಣ್ಣಗಾದ ಮೇಲೆ, ಚಾಪೆ ಹಾಸಿ ಅಸೈನ್‌ಮೆಂಟ್ ಕಟ್ಟು ಬಿಚ್ಚುತ್ತೇನೆ. ಬಹುಪಾಲು ಹಾಳೆ ಮಾಮೂಲಿ. ನಡುನಡುವೆ ಕೈ ತಾನಾಗಿ ನಿಲ್ಲುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದ ಆ ವಾರದ ಬಗ್ಗೆ ಸಿಂಧನೂರು ಕಡೆಯ ಹುಡುಗ ಬರೆದಿದ್ದ: ಅಪ್ಪ ಊಟದ ತಟ್ಟೆ ಮುಂದಿಟ್ಟುಕೊಂಡು ಟಿವಿಯಲ್ಲಿ ಹರಿದುಹೋಗುವ ನೀರನ್ನೇ ನೋಡುತ್ತಿದ್ದ, ಅವ್ವ ‘ಉಣ್ಣು’ ಎಂದು ಕೊನೆಗೂ ಅನ್ನಲಿಲ್ಲ. ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟು ಕೂರಿಸಿದ ಸುದ್ದಿ ಬಂದ ದಿನ ಓಣಿಯವರೆಲ್ಲ ಚಹಾ ಕುಡಿದರಂತೆ. ಪತ್ರಿಕೆಗಳಲ್ಲಿ ಆ ಗೇಟಿನ ಬಗ್ಗೆ ಬಹಳ ಓದಿದ್ದೆ. ಆ ತಟ್ಟೆ ಎಲ್ಲೂ ಬಂದಿರಲಿಲ್ಲ.

ಹಟ್ಟಿಯ ಹುಡುಗಿ ಬರೆದದ್ದು ಚಿನ್ನದ ಗಣಿಯ ಪಾಳಿಯ ಬಗ್ಗೆ. ಅಪ್ಪನಿಗೆ ರಾತ್ರಿಪಾಳಿ ಇದ್ದ ವಾರ ಹಗಲೆಲ್ಲ ಮನೆಯಲ್ಲಿ ಪಾತ್ರೆ ಸಪ್ಪಳವಾಗದಂತೆ ಅವ್ವ ಕೆಲಸ ಮಾಡುತ್ತಾಳಂತೆ. ಸಿಂಧನೂರು ಹತ್ತಿರದ ಬಂಗಾಳಿ ಕ್ಯಾಂಪಿನ ಹುಡುಗಿ ತನ್ನ ಅಜ್ಜಿಯ ಮೀನಿನ ಸಾರಿನ ಬಗ್ಗೆ ಎರಡು ಪುಟ ಬರೆದಿದ್ದಳು. ಅಜ್ಜಿಗೆ ಇಂದಿಗೂ ಬಂಗಾಳಿಯೇ ಬಾಯಿಗೆ ಬರುವುದು, ಮೊಮ್ಮಗಳಿಗೆ ಪರೀಕ್ಷೆಯೆಲ್ಲ ಕನ್ನಡದಲ್ಲಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಈ ಸೀಮೆಯಲ್ಲಿ ನೆಲೆನಿಂತವರ ಮೂರನೆಯ ತಲೆಮಾರು ಹೀಗೆ ಕನ್ನಡದಲ್ಲಿ ತನ್ನ ಮನೆಯ ಅಡುಗೆ ಬರೆಯುತ್ತಿದೆ. ಇನ್ನೊಬ್ಬ ಹುಡುಗನದು ಗುಳೆಯ ವಿಷಯ: ಅಪ್ಪ-ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟಾಗ ಬೀಗದ ಕೈಯನ್ನು ಯಾರ ಮನೆಯಲ್ಲಿ ಕೊಡಬೇಕು ಎಂಬುದರ ಮೇಲೆ ನಡೆದ ಮಾತುಕತೆ. ಅವನ ಹಾಳೆಯಲ್ಲಿ ತಪ್ಪುಗಳು ಬೇಕಾದಷ್ಟಿದ್ದವು. ಅವಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಕೊನೆಗೆ ‘ಇದನ್ನು ನೀನೊಬ್ಬನೇ ಬರೆಯಬಲ್ಲೆ’ ಎಂದು ಬರೆದೆ.

ಅತಿಥಿ ಉಪನ್ಯಾಸಕರ ಕೆಲಸ ಶೈಕ್ಷಣಿಕ ವರ್ಷದೊಂದಿಗೆ ಮುಗಿಯುತ್ತದೆ. ಮುಂದಿನ ವರ್ಷ ಈ ತರಗತಿ ನನ್ನದೇ ಎಂಬ ಖಾತ್ರಿಯಿಲ್ಲ. ಆದರೂ ಈ ಹಾಳೆಗಳನ್ನು ಮೊದಲು ಓದುವವಳು ನಾನು ಎಂಬ ಸಂತೋಷಕ್ಕೆ ಬೆಲೆ ಕಟ್ಟಲಾರೆ.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಎಷ್ಟು ಮಾರ್ಕ್ಸ್ ಬಂತು ಎಂದು ಕೇಳುವುದರ ಜೊತೆಗೆ, ಏನು ಬರೆದೆ ಎಂದೂ ಕೇಳಿರಿ. ಒಂದು ಪುಟ ಜೋರಾಗಿ ಓದಿಸಿ, ಮುಗಿಯುವವರೆಗೆ ನಡುವೆ ಬಾಯಿ ಹಾಕದೆ ಕೇಳಿರಿ. ಕಾಗುಣಿತ ತಿದ್ದುವುದನ್ನು ನಮಗೆ ಬಿಡಿರಿ, ಅದನ್ನು ನಾವು ನೋಡಿಕೊಳ್ಳುತ್ತೇವೆ.