ಯಾವ ಗಾಡಿಗೆ ಗೋಡೆ?

ಮನೆಯ ಹಜಾರದಲ್ಲಿ ಕಳೆದ ಒಂದು ವಾರದಿಂದ ಕಾಲಿಡಲು ಜಾಗವಿಲ್ಲ. ನೆಲದ ತುಂಬ 4×6 ಅಂಗುಲದ ಚಿತ್ರಗಳು. ಕಿಟಕಿಯ ಕೆಳಗೆ ಅಂಬಾಸಿಡರ್‌ಗಳು, ಅದರ ಪಕ್ಕ ಫಿಯೆಟ್‌ಗಳು, ದೇವರ ಮನೆಯ ಹೊಸ್ತಿಲವರೆಗೆ ಜಾವಾ, ಯೆಜ್ಡಿ, ಲ್ಯಾಂಬ್ರೆಟಾಗಳ ಸಾಲು. ರಾಜಮಹಾರಾಜರ ಕಾಲದ ದೊಡ್ಡ ಕಾರುಗಳಿಗೆ ಊಟದ ಮೇಜನ್ನೇ ಬಿಟ್ಟುಕೊಡಲಾಗಿದೆ. ಇಪ್ಪತ್ತೈದು ವರ್ಷಗಳಿಂದ ಹಳೆಯ ವಾಹನಗಳ ಬೆನ್ನುಹತ್ತಿ ತೆಗೆದ ಸಾವಿರಾರು ಛಾಯಾಚಿತ್ರಗಳಲ್ಲಿ, ಮೊದಲ ಜರಡಿಯಲ್ಲಿ ಉಳಿದ 400 ಇವು.

ನಗರದ ಒಂದು ಸಣ್ಣ ಗ್ಯಾಲರಿ ಮುಂದಿನ ತಿಂಗಳು ಒಂದು ವಾರದ ಮಟ್ಟಿಗೆ ತನ್ನ ಗೋಡೆಗಳನ್ನು ಕೊಡಲು ಒಪ್ಪಿದೆ. ನನ್ನ ಚಿತ್ರಗಳು ಕಾಗದದ ಮೇಲೆ ಮುದ್ರಣಗೊಂಡು ಅಪರಿಚಿತರ ಕಣ್ಣಿಗೆ ಬೀಳುವುದು ಇದೇ ಮೊದಲು. ಗೋಡೆಯ ಒಟ್ಟು ಉದ್ದ 84 ಅಡಿ. 16×24 ಅಂಗುಲದ ಒಂದು ಚಿತ್ರಕ್ಕೆ ಸುತ್ತಲಿನ ಬಿಳಿಯ ಅಂಚು ಮತ್ತು ಚೌಕಟ್ಟು ಸೇರಿದರೆ ಎರಡೂವರೆ ಅಡಿ ಅಗಲ. ಪಕ್ಕದ ಚಿತ್ರ ಉಸಿರಾಡಬೇಕಾದರೆ ಇನ್ನೊಂದು ಅಡಿ. ಲೆಕ್ಕ ಸರಳ: ಗೋಡೆಗೆ ಹಿಡಿಸುವುದು 24. ಉಳಿದ 376 ಚಿತ್ರಗಳನ್ನು ಮರಳಿ ಪೆಟ್ಟಿಗೆಗೆ ಸೇರಿಸುವುದು ಹೇಗೆ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ, ಇದು ಛಾಯಾಗ್ರಾಹಕನೊಬ್ಬನ ಖಾಸಗಿ ಸಂಕಟ ಮಾತ್ರವಲ್ಲ, ನಾವು ಯಾವುದನ್ನು ನೆನಪಿನಲ್ಲಿಡಲು ಯೋಗ್ಯವೆಂದು ಭಾವಿಸುತ್ತೇವೆ ಎಂಬ ಪ್ರಶ್ನೆಯೂ ಹೌದು ಎನ್ನಿಸತೊಡಗಿತು.

ವಯಸ್ಸನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಕೆಲಸ ಸುಲಭವಾಗಬಹುದಿತ್ತು. ಬ್ರಿಟನ್ನಿನ ವಾಹನಪ್ರಿಯರ ರೂಢಿಯಂತೆ ‘ವಿಂಟೇಜ್‌’ ಎಂದರೆ 1919ರಿಂದ 1930ರವರೆಗೆ ತಯಾರಾದ ಕಾರುಗಳು. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪವನ್ನು ಉಳಿಸಿಕೊಂಡ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್‌. ಅವುಗಳಿಗೆ ‘ವಿಎ’ ಎಂಬ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ. ಈ ಎರಡು ಅಳತೆಗಳಲ್ಲಿ ಯಾವುದನ್ನು ಹಿಡಿದರೂ ನನ್ನ ಹಜಾರದ ಅರ್ಧದಷ್ಟು ಗಾಡಿಗಳು ಹೊರಗುಳಿಯುತ್ತವೆ. ಆದರೆ ಚಿತ್ರದ ಬೆಲೆಯನ್ನು ನೋಂದಣಿ ಪುಸ್ತಕ ನೋಡಿ ಕಟ್ಟಲಾದೀತೆ? 1928ರ ಕಾರಿನ ನೀರಸ ಚಿತ್ರ ನೀರಸವೇ.

ಮೊದಲು ಪೆಟ್ಟಿಗೆಗೆ ಮರಳಿದ್ದು ಊಟದ ಮೇಜಿನ ಮೇಲಿದ್ದ ರಾಜವೈಭವ. ಹಳೆಯ ಕಾರುಗಳ ರ‍್ಯಾಲಿಗಳಲ್ಲಿ ತೆಗೆದ ನೂರಾರು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟಾಗ ನಾಚಿಕೆಯಾಯಿತು. ಎಲ್ಲವೂ ಮುಂಬದಿಯ ಮೂಲೆಯಿಂದ, ಒಂದೇ ಎತ್ತರದಿಂದ ತೆಗೆದವು; ಮಾರಾಟಗಾರರು ಹಂಚುವ ಹೊತ್ತಗೆಯಂತಿದ್ದವು. ಹಿನ್ನೆಲೆಯಲ್ಲಿ ಫ್ಲೆಕ್ಸ್‌ ಬ್ಯಾನರು, ಮುಂದೆ ಹಗ್ಗ, ಫಳಫಳಿಸುವ ಕ್ರೋಮ್‌ ದೀಪದ ಬಟ್ಟಲಿನಲ್ಲಿ ಕ್ಯಾಮೆರಾ ಹಿಡಿದ ನನ್ನದೇ ಹೊಟ್ಟೆ! ಆ ಕಾರುಗಳ ಸೌಂದರ್ಯ ಅವುಗಳನ್ನು ರೂಪಿಸಿದವರದು, ಹೊಳಪು ಅವುಗಳನ್ನು ಉಜ್ಜಿದವರದು. ಚಿತ್ರದಲ್ಲಿ ನನ್ನದೆಂಬುದು ಏನೂ ಇರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಅಂಥ ಕಾರುಗಳಿಗೆ ಕಾವಲುಗಾರರಿದ್ದಾರೆ. ಧರ್ಮಸ್ಥಳದ ವಾಹನ ಸಂಗ್ರಹಾಲಯದಂಥ ತಾಣಗಳು, ಸಂಗ್ರಾಹಕರ ಗ್ಯಾರೇಜುಗಳು ಅವುಗಳನ್ನು ಮಳೆ ಬಿಸಿಲಿನಿಂದ ಕಾಪಾಡುತ್ತಿವೆ. ದಿಕ್ಕಿಲ್ಲದಿರುವುದು ಸಾಮಾನ್ಯ ಗಾಡಿಗಳಿಗೆ. ಮಾರಿಸ್‌ ಆಕ್ಸ್‌ಫರ್ಡ್‌ ಮಾದರಿಯಿಂದ ಹುಟ್ಟಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಂತ್ರಿಯಿಂದ ಮದುವೆ ದಿಬ್ಬಣದವರೆಗೆ ಎಲ್ಲರನ್ನೂ ಹೊತ್ತ ಅಂಬಾಸಿಡರ್‌ನ ತಯಾರಿಕೆ 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ನಿಂತಿತು. ಮೈಸೂರಿನ ಐಡಿಯಲ್‌ ಜಾವಾ ಕಾರ್ಖಾನೆ 1996ರಲ್ಲಿಯೇ ಬಾಗಿಲು ಹಾಕಿತ್ತು. ಕಿಕ್‌ ಹೊಡೆಯುವ ಸನ್ನೆಯನ್ನೇ ಮಡಿಚಿ ಗೇರ್‌ ಬದಲಿಸುವ ಅದರ ಬೈಕುಗಳ ವೈಚಿತ್ರ್ಯವನ್ನು ಇಂದಿನ ಹುಡುಗರಿಗೆ ಬಾಯಲ್ಲಿ ಹೇಳಿ ನಂಬಿಸುವುದು ಕಷ್ಟ. ಮುಂಬೈಯ ಬೀದಿಗಳಿಂದ ಕಪ್ಪು–ಹಳದಿ ಪ್ರೀಮಿಯರ್‌ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ನಿರ್ಗಮಿಸಿತು. ಅದೇ ವರ್ಷದ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತು, ಕಚೇರಿಗಳ ಹಿತ್ತಲಲ್ಲಿ ಹುಲ್ಲು ಬೆಳೆಸಿಕೊಂಡು ನಿಂತಿದ್ದ ಬಿಳಿಯ ಕಾರುಗಳ ಮತ್ತು ಜೀಪುಗಳ ದಾರಿ ಗುಜರಿಯತ್ತ ತಿರುಗಿತು. ಲಕ್ಷಗಟ್ಟಲೆ ಇದ್ದ ವಸ್ತುವನ್ನು ಯಾರೂ ಕಾಪಿಡುವುದಿಲ್ಲ. ಎಲ್ಲರ ಬಳಿಯೂ ಇದೆಯೆಂದು ಭಾವಿಸಿ ಎಲ್ಲರೂ ಕಳೆದುಕೊಳ್ಳುತ್ತಾರೆ. ಆದ್ದರಿಂದ 24ರಲ್ಲಿ 20 ಜಾಗ ದುಡಿದ ಗಾಡಿಗಳಿಗೆ ಎಂದು ನಿಶ್ಚಯಿಸಿದೆ.

ಎರಡನೆಯ ಜರಡಿ ಮೊದಲಿನದಕ್ಕಿಂತ ನಿಷ್ಠುರವಾಗಿತ್ತು. ನನ್ನ ತಂದೆಯ ಬಜಾಜ್‌ ಚೇತಕ್‌ ಸ್ಕೂಟರಿನ ಚಿತ್ರವೊಂದಿದೆ. ಪೆಟ್ರೋಲು ಹರಿಯಲೆಂದು ಅವರು ಅದನ್ನು ಪಕ್ಕಕ್ಕೆ ವಾಲಿಸುತ್ತಿದ್ದ ಭಂಗಿ ನನ್ನ ಕಣ್ಣಿಗೆ ಕಟ್ಟಿದೆ. ಆದರೆ ಚಿತ್ರದಲ್ಲಿ ಅವರೂ ಇಲ್ಲ, ಆ ಭಂಗಿಯೂ ಇಲ್ಲ. ಮಬ್ಬು ಬೆಳಕಿನಲ್ಲಿ ಗೋಡೆಗೊರಗಿದ ಒಂದು ನೀಲಿ ಸ್ಕೂಟರು ಮಾತ್ರ. ನೆರೆಮನೆಯ ಕಾಲೇಜು ಹುಡುಗಿಯನ್ನು ಕರೆದು ಚಿತ್ರಗಳ ನಡುವೆ ಓಡಾಡಲು ಬಿಟ್ಟೆ. ಯಾವ ವಿವರಣೆಯನ್ನೂ ಕೊಡಲಿಲ್ಲ. ತಂದೆಯ ಸ್ಕೂಟರನ್ನು ಅವಳು ಅರೆಕ್ಷಣವೂ ನಿಲ್ಲದೆ ದಾಟಿದಳು. ತಪ್ಪು ಅವಳದಲ್ಲ. ನಾನು ಪಕ್ಕದಲ್ಲಿ ನಿಂತು ಕಥೆ ಹೇಳಿದರೆ ಮಾತ್ರ ಬದುಕುವ ಚಿತ್ರಕ್ಕೆ ಮನೆಯ ಆಲ್ಬಮ್ಮೇ ಸರಿಯಾದ ಸ್ಥಳ. ಪ್ರದರ್ಶನ ನಡೆಯುವ ಏಳು ದಿನವೂ ಪ್ರತಿ ಚಿತ್ರದ ಮುಂದೆ ನಿಲ್ಲಲು ನನ್ನಿಂದಾಗದು, ನಿಲ್ಲಲೂ ಬಾರದು.

ಹಾಗೆಂದು ದೋಷವಿರುವ ಚಿತ್ರಗಳನ್ನೆಲ್ಲ ಕಿತ್ತುಹಾಕುವುದೂ ಅಪಾಯ. ಫ್ರಾನ್ಸ್‌ನ ಜಾಕ್‌ ಆನ್ರಿ ಲಾರ್ತಿಗ್‌ ಎಂಬಾತ ಇನ್ನೂ ಹದಿಹರೆಯ ದಾಟದಿದ್ದಾಗ ರೇಸ್‌ ಕಾರೊಂದರ ಚಿತ್ರ ತೆಗೆದ. ದೀರ್ಘಕಾಲ 1912ರದೆಂದು ನಮೂದಾಗುತ್ತ ಬಂದ ಆ ಚಿತ್ರದಲ್ಲಿ ಕಾರಿನ ಒಂದು ಭಾಗ ಚೌಕಟ್ಟಿನಾಚೆ ಹೋಗಿದೆ, ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿ ಮುಂದಕ್ಕೆ ವಾಲಿದೆ, ಪ್ರೇಕ್ಷಕರು ಹಿಂದಕ್ಕೆ ವಾಲಿದ್ದಾರೆ. ಆ ಕಾಲದ ಕ್ಯಾಮೆರಾದಲ್ಲಿ ಶಟರಿನ ಸೀಳು ಫಲಕದ ಮೇಲೆ ಸರಿದು ಮುಗಿಯುವಷ್ಟರಲ್ಲಿ ಕಾರೂ ಕ್ಯಾಮೆರಾವೂ ಚಲಿಸಿದ್ದರಿಂದ ಆದ ವಕ್ರತೆ ಅದು. ತೆಗೆದವನಿಗೇ ಅದು ಕೆಟ್ಟ ಚಿತ್ರವಾಗಿತ್ತು. 1963ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನ ಅವನನ್ನು ಜಗತ್ತಿಗೆ ಪರಿಚಯಿಸಿದಾಗ ಅವನಿಗೆ 69 ವರ್ಷ. ಇಂದು ವೇಗವೆಂದರೆ ಏನೆಂದು ತೋರಿಸಲು ಆ ವಾಲಿದ ಚಕ್ರವನ್ನೇ ಉದಾಹರಿಸುತ್ತಾರೆ. ನನ್ನ ಪೆಟ್ಟಿಗೆಯಿಂದಲೂ ಒಂದು ‘ಕೆಟ್ಟ’ ಚಿತ್ರ ಹೀಗೆ ಎದ್ದು ಬಂತು: ಮಳೆಯಲ್ಲಿ ಕೆಟ್ಟು ನಿಂತ ಮೆಟಡಾರ್‌ ವ್ಯಾನನ್ನು ಆರು ಮಂದಿ ತಳ್ಳುತ್ತಿರುವ, ಕೈ ನಡುಗಿ ಅರ್ಧ ಕದಡಿದ ಚಿತ್ರ. ನೆರೆಮನೆಯ ಹುಡುಗಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದಳು.

ಇನ್ನು ಪರದೆಗೂ ಕಾಗದಕ್ಕೂ ಇರುವ ಅಂತರ. ಪರದೆ ತಾನೇ ಬೆಳಗುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸುತ್ತದೆ. ಕಂಪ್ಯೂಟರಿನಲ್ಲಿ ಜೀವ ತುಂಬಿಕೊಂಡಿದ್ದ, ಮರದ ನೆರಳಲ್ಲಿನ ಕಪ್ಪು ಅಂಬಾಸಿಡರ್‌ ಕಾಗದಕ್ಕಿಳಿದಾಗ ಇದ್ದಿಲಿನ ಮುದ್ದೆಯಾಯಿತು. ಕ್ರೋಮ್‌ ಬಂಪರಿನ ಹೊಳಪು ಅತಿಯಾದ ಕಡೆ ಶಾಯಿಯೇ ಬೀಳದೆ ಬರಿಯ ಕಾಗದ ಬಿಳಿಚಿಕೊಂಡು ಕಾಣಿಸಿತು. ನುಣುಪು ಕಾಗದದ ಮೇಲೆ ಗಾಜನ್ನೂ ಹೊದಿಸಿದರೆ ನೋಡುಗ ಕಾರಿಗಿಂತ ಹೆಚ್ಚಾಗಿ ತನ್ನ ಮುಖವನ್ನೇ ನೋಡಬೇಕಾಗುತ್ತದೆ; ಆದ್ದರಿಂದ ಹೊಳಪಿಲ್ಲದ ಕಾಗದವನ್ನೇ ಆರಿಸಿದೆ. ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟು 24×36 ಮಿ.ಮೀ.; 16×24 ಅಂಗುಲಕ್ಕೆ ಅದು ಸುಮಾರು 17 ಪಟ್ಟು ಹಿಗ್ಗುತ್ತದೆ. ಫಿಲ್ಮಿನ ಕಣಗಳು ಎದ್ದು ಕಂಡರೂ ಚಿತ್ರ ಒಡೆಯುವುದಿಲ್ಲ. ನನ್ನ ಮೊದಲ ಡಿಜಿಟಲ್‌ ಕ್ಯಾಮೆರಾದ ಚಿತ್ರಗಳ ಪಾಡು ಬೇರೆ. ಅವುಗಳಲ್ಲಿರುವುದು ಸುಮಾರು 3,000×2,000 ಚುಕ್ಕೆಗಳು. ಅಂಗುಲಕ್ಕೆ 300 ಚುಕ್ಕೆಯಂತೆ ಮುದ್ರಿಸಿದರೆ 10 ಅಂಗುಲ ಅಗಲಕ್ಕೇ ಮುಗಿಯುತ್ತದೆ. 24 ಅಂಗುಲಕ್ಕೆ ಎಳೆದರೆ ಅಂಗುಲಕ್ಕೆ ಉಳಿಯುವುದು 125. ನಾಲ್ಕೈದು ಅಡಿ ದೂರದಿಂದ ಪರವಾಗಿಲ್ಲ, ಹತ್ತಿರ ಹೋದರೆ ಸೊರಗುತ್ತದೆ. ಅಂಥವನ್ನು ಹಿಗ್ಗಿಸದೆ ಚಿಕ್ಕದಾಗಿಯೇ ಮುದ್ರಿಸಿ ಅಗಲವಾದ ಬಿಳಿಯ ಅಂಚಿನೊಳಗೆ ಕೂರಿಸಿದರೆ ಜನ ತಾವಾಗಿಯೇ ಹತ್ತಿರ ಬಂದು ನೋಡುತ್ತಾರೆ. ಪ್ರತಿಯೊಂದು ಚಿತ್ರದ ಒಂದು ಪಟ್ಟಿಯನ್ನು ಮೊದಲು ಪರೀಕ್ಷೆಗೆಂದು ಮುದ್ರಿಸಿ, ಗ್ಯಾಲರಿಯ ದೀಪದ ಕೆಳಗೇ ಹಿಡಿದು ನೋಡಿದ್ದರಿಂದ ಐದು ಚಿತ್ರಗಳು ಬಿದ್ದುಹೋದವು. ಹಣವೂ ಉಳಿಯಿತು, ಮಾನವೂ ಉಳಿಯಿತು.

ಪರದೆಯ ಮೇಲಿನ ತಪ್ಪನ್ನು ರಾತ್ರೋರಾತ್ರಿ ತಿದ್ದಬಹುದು; ಗೋಡೆಗೇರಿದ ಮುದ್ರಣ ವಾರವಿಡೀ ಸಾಕ್ಷಿ ಹೇಳುತ್ತದೆ. ಆದಕಾರಣ ಚಿತ್ರದ ಕೆಳಗಿನ ಎರಡು ಸಾಲುಗಳ ಬಗ್ಗೆಯೂ ಎಚ್ಚರ ಬೇಕಾಯಿತು. ನಮ್ಮಲ್ಲಿ ಗಾಡಿಗಳು ಎಂಜಿನ್‌ ಬದಲಿಸಿಕೊಂಡು, ಇನ್ನೊಂದರ ಬಾಗಿಲು ತೊಟ್ಟು, ಮೂರನೆಯದರ ದೀಪ ಹಚ್ಚಿಕೊಂಡು ದೀರ್ಘಾಯುಷಿಗಳಾದಂಥವು. ನೋಂದಣಿಯ ವರ್ಷವೂ ತಯಾರಾದ ವರ್ಷವೂ ಒಂದೇ ಆಗಿರಬೇಕೆಂದಿಲ್ಲ. ಖಚಿತವಿಲ್ಲದ ಕಡೆ ಗಾಡಿಯ ವರ್ಷವನ್ನು ಬಿಟ್ಟು, ಚಿತ್ರ ತೆಗೆದ ವರ್ಷವನ್ನಷ್ಟೇ ಬರೆದೆ. ಫಲಕದ ಸಂಖ್ಯೆಯನ್ನು ಮರೆಮಾಡಬೇಕೆ ಎಂಬ ಪ್ರಶ್ನೆಯೂ ಎದ್ದಿತು. ‘ಎಂವೈ’ ಎಂದು ಆರಂಭವಾಗುವ ಫಲಕ ಹಳೆಯ ಮೈಸೂರು ರಾಜ್ಯದ ಗುರುತು. ಅದನ್ನು ಅಳಿಸಿದರೆ ಇತಿಹಾಸದ ಅರ್ಧಪುಟ ಹರಿದಂತೆ. ಮಾಲೀಕರ ಒಪ್ಪಿಗೆ ಸಿಕ್ಕಲ್ಲಿ ಉಳಿಸಿಕೊಂಡೆ, ಸಿಗದಲ್ಲಿ ಚಿತ್ರವನ್ನೇ ಕೈಬಿಟ್ಟೆ. ಮುದ್ರಣದ ಹುಡುಗ ತಲೆಯ ಮೇಲಿನ ವಿದ್ಯುತ್‌ ತಂತಿಗಳನ್ನು ಕ್ಷಣಮಾತ್ರದಲ್ಲಿ ಮಾಯಮಾಡಿಕೊಡುವೆನೆಂದ. ಬೇಡವೆಂದೆ. ದೂಳಿನ ಚುಕ್ಕೆ ಒರೆಸಬಹುದು; ಬೀದಿಯನ್ನು ಒರೆಸಲಾಗದು.

ಆಯ್ಕೆಯಷ್ಟೇ ಮುಖ್ಯವಾದದ್ದು ಜೋಡಣೆ. ರಾಬರ್ಟ್‌ ಫ್ರಾಂಕ್‌ 1955–56ರಲ್ಲಿ ಅಮೆರಿಕವನ್ನು ಕಾರಿನಲ್ಲಿ ಸುತ್ತಿ ತೆಗೆದ 27 ಸಾವಿರಕ್ಕೂ ಹೆಚ್ಚು ಚಿತ್ರಗಳಿಂದ ‘ದಿ ಅಮೆರಿಕನ್ಸ್‌’ ಪುಸ್ತಕಕ್ಕೆ ಆರಿಸಿದ್ದು 83 ಮಾತ್ರ. ಅದರಲ್ಲಿ ತಾಳೆಮರಗಳ ನಡುವೆ ಬಟ್ಟೆ ಹೊದ್ದು ನಿಂತ ಕಾರಿನ ಚಿತ್ರವನ್ನು ದಾಟಿ ಪುಟ ತಿರುಗಿಸಿದರೆ, ಅಪಘಾತದ ಸ್ಥಳದಲ್ಲಿ ಹೊದಿಕೆ ಹೊದ್ದ ದೇಹ ಎದುರಾಗುತ್ತದೆ. ಒಂದು ಅಕ್ಷರವನ್ನೂ ಬರೆಯದೆ ಎರಡು ಹೊದಿಕೆಗಳು ಪರಸ್ಪರ ಮಾತನಾಡುತ್ತವೆ. ನಮ್ಮ ರಘುವೀರ್‌ ಸಿಂಗ್‌ ಅಂಬಾಸಿಡರ್‌ನ ಬಾಗಿಲು, ಗಾಜು, ಕನ್ನಡಿಗಳನ್ನೇ ಚೌಕಟ್ಟಾಗಿಸಿ ದೇಶವನ್ನು ನೋಡಿದರು. 1999ರಲ್ಲಿ ಅವರು ತೀರಿಕೊಂಡ ನಂತರ, 2002ರಲ್ಲಿ ಆ ಚಿತ್ರಗಳ ಪುಸ್ತಕ ಬಂತು. ಗಾಡಿಯನ್ನು ನೋಡುವುದಕ್ಕಿಂತ ಗಾಡಿಯಿಂದ ನೋಡುವುದು ದೊಡ್ಡದಿರಬಹುದೆಂಬ ಪಾಠ ಅಲ್ಲಿದೆ. ನನ್ನ ಗೋಡೆಯ ಮೇಲೆ ತಳ್ಳುವವರ ಪಕ್ಕ ತೊಳೆಯುವವರು, ತೊಳೆಯುವವರ ಪಕ್ಕ ಕಾಯುವವರು ಎಂದು ಗಾಡಿಗಳ ಸುತ್ತಲಿನ ಮನುಷ್ಯರ ಕೆಲಸಗಳನ್ನೇ ಅನುಸರಿಸಿ ಸಾಲು ಕಟ್ಟಿದೆ.

ಕೊನೆಯ ಜಾಗವೊಂದು ಉಳಿಯಿತು. ಅದಕ್ಕೆಂದು ನಾನು ಮೊದಲ ದಿನದಿಂದ ಎತ್ತಿಟ್ಟಿದ್ದ ಚಿತ್ರ 2009ರದು. ಹಳೆಯ ಬಡಾವಣೆಯೊಂದರ ಅಂಗಳದಲ್ಲಿ ಒಂದು ಫಿಯೆಟ್‌. ಅದರ ದೀಪದ ಮೇಲೆ ಒದ್ದೆ ಬಟ್ಟೆಯನ್ನಿಟ್ಟು, ಸೆರಗು ಸಿಕ್ಕಿಸಿ, ಬಾಗಿ ಒರೆಸುತ್ತಿರುವ ವೃದ್ಧೆ. ವರ್ಷಗಟ್ಟಲೆ ಸರದಿ ಕಾದು ಆ ಕಾರನ್ನು ಕೊಂಡಿದ್ದ ಅವರ ಯಜಮಾನರು ತೀರಿಕೊಂಡಿದ್ದರು. ಎಂಜಿನ್‌ ನಿಂತು ಹೋಗಿದ್ದರೂ ಪ್ರತಿ ಶುಕ್ರವಾರ ಕಾರಿಗೆ ಸ್ನಾನ ತಪ್ಪುತ್ತಿರಲಿಲ್ಲ. ಗೆಳೆಯರೆಲ್ಲರೂ ಇಡೀ ಸಂಗ್ರಹದಲ್ಲಿ ಇದೇ ಶ್ರೇಷ್ಠವೆಂದರು. ಚಿತ್ರ ತೆಗೆಯಲು ಅಂದು ಅವರು ಒಪ್ಪಿದ್ದೂ ನಿಜ. ಆದರೆ ಅಂದಿನ ಒಪ್ಪಿಗೆ ಅಂಗಳಕ್ಕೆ ಬಂದ ಹುಡುಗನೊಬ್ಬನ ಹವ್ಯಾಸಕ್ಕೆ ಕೊಟ್ಟದ್ದು, ನೂರಾರು ಜನ ನೋಡುವ ಗೋಡೆಗಲ್ಲ. ಮುದ್ರಣವೊಂದನ್ನು ಹಿಡಿದು ಅವರ ಮನೆಗೆ ಹೋದೆ. ಅಂಗಳ ಬರಿದಾಗಿತ್ತು, ಕಾರು ಹಿಂದಿನ ವರ್ಷವೇ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿತ್ತು. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

‘ಗಾಡಿ ಚೆನ್ನಾಗಿ ಬಂದಿದೆ ಕಣಪ್ಪ. ಆದ್ರೆ ಮನೆಕೆಲಸದ ಸೀರೇಲಿದ್ದೀನಿ. ನಾಲ್ಕು ಜನ ನೋಡೋ ಕಡೆ ನಾನು ಬೇಡ’ ಎಂದರು.

ವಾದಿಸಬಹುದಿತ್ತು. ಆ ಸೀರೆಯೇ ಚಿತ್ರದ ಜೀವವೆಂದು ವಿವರಿಸಬಹುದಿತ್ತು. ವಾದಿಸಲಿಲ್ಲ. ಅಂದೇ, ಅವರು ಬಿಂದಿಗೆ ತುಂಬಿಸಲು ಒಳಗೆ ಹೋದಾಗ ತೆಗೆದ ಇನ್ನೊಂದು ಚಿತ್ರವಿತ್ತು: ಅದೇ ಕಾರು, ಬಾನೆಟ್ಟಿನ ಮೇಲೆ ಹಿಂಡದೆ ಬಿಟ್ಟ ಒದ್ದೆ ಬಟ್ಟೆ, ಅಂಚಿನಿಂದ ಇಳಿಯುತ್ತಿರುವ ನೀರು. ಅದನ್ನು ತೋರಿಸಿದೆ. ‘ಇದನ್ನ ಹಾಕ್ಕೊ’ ಎಂದರು. ಅದು ಮೊದಲಿನದಕ್ಕಿಂತ ಒಂದು ಗುಲಗಂಜಿ ತೂಕ ಕಡಿಮೆಯೆಂದು ಗೆಳೆಯರ ಅಭಿಪ್ರಾಯ. ಇರಬಹುದು. ಇಪ್ಪತ್ತನಾಲ್ಕನೆಯದಾಗಿ, ಬಾಗಿಲ ಪಕ್ಕದಲ್ಲಿ, ಅದೇ ಇರುತ್ತದೆ. ಅವರಿರುವ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಅವರ ಮನೆಗೇ ಕೊಟ್ಟುಬಂದೆ. ಯಜಮಾನರ ಭಾವಚಿತ್ರದ ಕೆಳಗೆ ಅದಕ್ಕೊಂದು ಮೊಳೆ ಆಗಲೇ ಸಿದ್ಧವಾಗಿತ್ತು.