ಪುಣೆಯ ಪೇಠೆಗಳಿಗೆ ಗೌರಿ ಬರುವ ದಿನ

ಪುಣೆಯ ಗಣೇಶೋತ್ಸವಕ್ಕೆಂದು ಹೋದವರು ದಗಡೂಶೇಠ್ ಹಲವಾಯಿ ಗಣಪತಿಯ ದೀಪಾಲಂಕಾರ ನೋಡಿ, ಲಕ್ಷ್ಮಿ ರಸ್ತೆಯಲ್ಲಿ ಢೋಲ್–ತಾಶಾ ಕೇಳಿ ಹಿಂತಿರುಗುತ್ತಾರೆ. ಹಬ್ಬದ ಇನ್ನೊಂದು ಪಾಲು ಮನೆಗಳ ಒಳಗಿದೆ. ಕಸಬಾ, ಶನಿವಾರ, ನಾರಾಯಣ, ಸದಾಶಿವ ಪೇಠೆಗಳ ಹಳೇ ವಾಡೆಗಳಲ್ಲಿ, ವಾಡೆ ಕೆಡವಿ ಎಬ್ಬಿಸಿದ ಅಪಾರ್ಟ್‌ಮೆಂಟುಗಳಲ್ಲಿ ಮೂರು ದಿನ ಗೌರಿ ಬಂದಿರುತ್ತಾಳೆ. ಅವಳನ್ನು ನೋಡಬೇಕಾದರೆ ಯಾರಾದರೂ ಕರೆಯಬೇಕು. ಪೇಠೆಯವರು ಮಾತಿನಲ್ಲಿ ಬಿಗಿ ಎಂಬ ಹೆಸರಿದೆ. ಆ ಮೂರು ದಿನದ ಮಟ್ಟಿಗಾದರೂ ಅದನ್ನು ನಂಬಬೇಡಿ.

ಕಸಬಾ ಗಣಪತಿ ಈ ಊರಿನ ಗ್ರಾಮದೇವತೆ. ಗುಡಿಯ ಜೊತೆಗೆ ಜೀಜಾಬಾಯಿಯ ಹೆಸರು ಸೇರಿಕೊಂಡಿದೆ. 1890ರ ದಶಕದಲ್ಲಿ ಲೋಕಮಾನ್ಯ ತಿಲಕರು ಗಣಪತಿ ಹಬ್ಬವನ್ನು ಸಾರ್ವಜನಿಕರ ಹಬ್ಬವಾಗಿ ಬೆಳೆಸಿದರು. ಮೆರವಣಿಗೆಯ ಮೊದಲ ಮಾನ ಕಸಬಾ ಗಣಪತಿಗೆ. ಆಮೇಲೆ ತಾಂಬಡಿ ಜೋಗೇಶ್ವರಿ, ಗುರುಜಿ ತಾಲೀಮ್, ತುಳಶಿಬಾಗ್, ಕೇಸರಿವಾಡೆ. 2025ರಲ್ಲಿ ಸರ್ಕಾರ ಈ ಸಾರ್ವಜನಿಕ ಹಬ್ಬವನ್ನು ಮಹಾರಾಷ್ಟ್ರ ರಾಜ್ಯದ ಹಬ್ಬವೆಂದೇ ಘೋಷಿಸಿತು. ಗೌರಿಯನ್ನು ಮಾತ್ರ ಯಾರೂ ಹೀಗೆ ಬೀದಿಗೆ ಕರೆತರಲಿಲ್ಲ. ಅವಳು ಹೆಂಗಸರ ಕೈಯಲ್ಲೇ ಉಳಿದಳು. ನನಗೆ ಪುಣೆಯ ಹಬ್ಬ ಅರ್ಥವಾದದ್ದು ಅವಳಿಂದ.

ಹಳೇ ಮೈಸೂರಿನ ನಮಗೆ ಭಾದ್ರಪದ ತದಿಗೆಗೆ ಸ್ವರ್ಣಗೌರಿ, ಮರುದಿನ ಅವಳ ಹಿಂದೆಯೇ ಮಗ. ಪುಣೆಯಲ್ಲಿ ಅದೇ ತದಿಗೆಯಂದು ಹರತಾಲಿಕೆಯ ಉಪವಾಸ, ಮರಳಿನ ಲಿಂಗಕ್ಕೆ ಪೂಜೆ. ಚೌತಿಗೆ ಗಣಪತಿ ಬಂದು ಕೂತಾದ ಮೇಲೆ, ಅನುರಾಧಾ ನಕ್ಷತ್ರದ ದಿನ ಗೌರಿ ಬರುತ್ತಾಳೆ. ಜ್ಯೇಷ್ಠಾದಂದು ಪೂಜೆ, ಮೂಲಾದಂದು ಬೀಳ್ಕೊಡುಗೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಈ ಕ್ರಮ ಹೊಸದಲ್ಲ. ನನಗೆ ಎಲ್ಲವೂ ಹೊಸದಾಗಿತ್ತು.

ಸದಾಶಿವ ಪೇಠೆಯ ಗೆಳತಿಯ ಮನೆಯಲ್ಲಿ ಬಾಗಿಲಿನಿಂದ ದೇವರ ಜಾಗದವರೆಗೆ ಪುಟ್ಟ ಪುಟ್ಟ ಹೆಜ್ಜೆಗಳ ರಂಗೋಲಿ. ಗೌರಿಯ ಮುಖವಾಡಗಳನ್ನು ಹಿಡಿದು ಹೊಸಿಲಲ್ಲಿ ನಿಂತ ಗೆಳತಿಯ ಕಾಲಿಗೆ ಅವಳ ಅತ್ತೆ ಹಾಲು, ನೀರು ಎರೆದರು. ಮಕ್ಕಳು ತಟ್ಟೆಗೆ ಚಮಚ ಬಡಿದು ಸದ್ದು ಮಾಡಿದವು. ಅಡುಗೆಮನೆ, ಕಾಳಿನ ಡಬ್ಬಿಗಳು, ದುಡ್ಡಿನ ಕಪಾಟು, ಎಲ್ಲವನ್ನೂ ಗೌರಿಗೆ ತೋರಿಸಿದರು. ಗೌರಿ ಏನು ತಂದಳೆಂದು ಒಬ್ಬರು ಕೇಳುವುದು, ಧನ ತಂದಳು, ಧಾನ್ಯ ತಂದಳು ಎಂದು ಇನ್ನೊಬ್ಬರು ಹೇಳುವುದು. ಬರುವವರು ಇಬ್ಬರು: ಜ್ಯೇಷ್ಠೆ ಮತ್ತು ಕನಿಷ್ಠೆ. ಸೀರೆಯ ನಿರಿಗೆ ಕೂರಿಸಿ, ನತ್ತು ತೊಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಎದುರಿನ ಕೊಂಕಣಸ್ಥರ ಮನೆಯಲ್ಲಿ ಮುಖವಾಡವೇ ಇಲ್ಲ. ಹರಿಯುವ ನೀರಿನಿಂದ ತಂದ ನುಣುಪು ಕಲ್ಲುಗಳೇ ಅಲ್ಲಿ ಗೌರಿ.

ಆ ರಾತ್ರಿ ಸೊಪ್ಪಿನ ಪಲ್ಯ, ಭಾಕರಿ. ದಾರಿ ನಡೆದು ಬಂದವಳಿಗೆ ಇಷ್ಟೇ ಸಾಕು, ನಾಳೆ ಅವಳ ಊಟ ನೋಡು ಎಂದರು ಆ ಮನೆಯ ಅಜ್ಜಿ, ಎಲ್ಲರ ಬಾಯಲ್ಲೂ ‘ಆಜಿ’. ಮರುದಿನ ಪೂರಣಪೋಳಿ, ಹದಿನಾರು ತರಕಾರಿಗಳ ಪಲ್ಯ, ಬೇಳೆಯ ಕಟ್ಟಿನಿಂದ ಮಾಡಿದ ಆಮಟಿ. ನಮ್ಮ ಒಬ್ಬಟ್ಟಿನ ಸಾರಿಗೆ ಹತ್ತಿರದ ರುಚಿ, ಗೋಡಾ ಮಸಾಲೆಯ ಘಮ ಮಾತ್ರ ಬೇರೆ. ಆ ದಿನ ಮುತ್ತೈದೆಯೊಬ್ಬಳನ್ನು ಊಟಕ್ಕೆ ಕೂರಿಸುವ ಪದ್ಧತಿಯಿದೆ, ಅವಳನ್ನು ಸವಾಷ್ಣ ಎನ್ನುತ್ತಾರೆ. ಮಣೆ ಹಾಕಿ ನನ್ನನ್ನೇ ಕರೆದರು. ಮನೆಯವರಲ್ಲದ ನಾನು ಹಿಂಜರಿದೆ. ಆಜಿ ಕೈ ಹಿಡಿದು, “ಅವಳೂ ಪಾಹುಣಿ, ನೀನೂ ಪಾಹುಣಿ. ಬಸ್ ಗ ಬಾಳ” ಎಂದರು. ಅವಳೂ ಅತಿಥಿ, ನೀನೂ ಅತಿಥಿ, ಕೂತುಕೋ ಮಗಳೇ ಎಂದು.

ಗೌರಿಯೇ ತವರಿಗೆ ಬಂದು ಹೋಗುವವಳು. ಹಾಗಾಗಿ ಹೊರಗಿನಿಂದ ಬಂದವರಿಗೆ ಇಲ್ಲಿ ಜಾಗ ಸಿಗುವುದು ಯಾರದೋ ದೊಡ್ಡ ಮನಸ್ಸಿನಿಂದಲ್ಲ, ಪೂಜೆಯಲ್ಲೇ ಅವರಿಗೆ ಎಲೆ ಹಾಕಿಟ್ಟಿದ್ದಾರೆ. ನೂರಾರು ಮಂಟಪಗಳಿರುವ ಊರಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ.

ಸಂಜೆ ದೀಪ ಹಚ್ಚಿದಾಗ ಸಮರ್ಥ ರಾಮದಾಸರ ಗಣಪತಿ ಆರತಿ. ತಾಳ ಹಿಡಿದ ಮಗುವಿನಿಂದ ಆಜಿಯವರೆಗೆ ಎಲ್ಲರಿಗೂ ಬಾಯಿಪಾಠ. ಆರತಿ ಮುಗಿಯುತ್ತಿದ್ದಂತೆ ಹೆಂಗಸರು ಅರಿಸಿನ–ಕುಂಕುಮಕ್ಕೆ ಮನೆಯಿಂದ ಮನೆಗೆ ಹೊರಡುತ್ತಾರೆ.

ಹೋಗುವುದಾದರೆ ಆ ಸಂಜೆಯೇ ಹೋಗಿ. 2024ರ ಸೆಪ್ಟೆಂಬರಿನಿಂದ ಮೆಟ್ರೊ ನೆಲದಡಿಯಲ್ಲಿ ಕಸಬಾ ಪೇಠ್, ಮಂಡಈ ನಿಲ್ದಾಣಗಳವರೆಗೂ ಬರುತ್ತದೆ. ಮಂಡಈಯಲ್ಲಿ ಇಳಿದರೆ ತುಳಶಿಬಾಗ್ ನಡೆದು ಹೋಗುವಷ್ಟು ಹತ್ತಿರ. ಗೌರಿಯ ಮುಖವಾಡ, ನತ್ತು, ಸರಗಳ ಅಂಗಡಿಗಳು ಅಲ್ಲಿವೆ. ಪೇಠೆಯಲ್ಲಿ ಗುರುತಿನ ಒಂದು ಮನೆಯಿದ್ದರೆ ಸಾಕು. ಅಲ್ಲಿಂದ ಪಕ್ಕದ ಮನೆಗೆ ಅವರೇ ಕರೆದುಕೊಂಡು ಹೋಗುತ್ತಾರೆ.